ಗ್ರನೋಲಾದ ಎರಡನೆಯ ಮುಷ್ಟಿ

ಇಲ್ಲಿ ಬರೆಯುವುದೆಲ್ಲ ಹೀಗೆಯೇ ನಡೆಯಿತೆಂದು ಆಣೆ ಹಾಕಿ ಹೇಳಲಾರೆ. ಮೊನ್ನೆ ಮೊನ್ನೆಯ ಸಂಗತಿಯೇ ಆದರೂ ನನ್ನ ನೆನಪಿಗೆ ಒಂದು ಚಟವಿದೆ, ತನಗೆ ಬೇಕಾದ ಕಡೆ ತುಸು ಬೆಲ್ಲ ಹಾಕಿಕೊಳ್ಳುತ್ತದೆ. ದಿನಚರಿ ಬರೆಯುವವರಿಗೆ ಇದು ಬೇಗ ತಿಳಿಯುತ್ತದೆ. ಹಳೆಯ ಪುಟ ತೆರೆದರೆ, ನಾನು ಅಷ್ಟು ಜಾಣ ಮಾತು ಆಡಿದ್ದೆನೇ ಎಂದು ನನಗೇ ಗುಮಾನಿ. ಆದರೆ ಗ್ರನೋಲಾ ಮಾಡಿದ್ದಂತೂ ನಿಜ. ಬಾಣಲೆಯ ತಳದ ಕರಿ ಇನ್ನೂ ಹೋಗಿಲ್ಲ.

ನಮ್ಮ ಮಗಳು ಸಹನಾಳ ಆಫೀಸು ತುರ್ಭೆಯ ಹತ್ತಿರ. ಡೊಂಬಿವಲಿಯ ನಮ್ಮ ಮನೆಯಿಂದ ಲೋಕಲ್ ರೈಲಿನಲ್ಲಿ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಮತ್ತೆ ನಿಂತುಕೊಂಡೇ ಹೋಗುವಷ್ಟರಲ್ಲಿ ಅರ್ಧ ಜೀವ ಹೋಗುತ್ತದೆಂದು ಅವಳು ಘನ್ಸೋಲಿಯಲ್ಲಿ ಗೆಳತಿಯೊಂದಿಗೆ ಬಾಡಿಗೆಗೆ ಇದ್ದಾಳೆ. ಭಾನುವಾರ ಬರುತ್ತಾಳೆ. ಅಷ್ಟಕ್ಕೆ ನಾನು ಒಗ್ಗಿಕೊಂಡಿದ್ದೆ, ಯಾಕೆಂದರೆ ಬಂದವಳು ಸೀದಾ ಅಡುಗೆಮನೆಗೆ ಬಂದು ಕಾವಲಿಯಿಂದ ಮೊದಲ ನೀರುದೋಸೆಯನ್ನು ಬಿಸಿಬಿಸಿಯಾಗಿ ಎತ್ತಿಕೊಂಡು ಊದುತ್ತಾ ತಿನ್ನುತ್ತಿದ್ದಳು. ಹಾಗೆ ಒಂದು ದಿನ ಬಂದವಳು ಕಾವಲಿಯ ಕಡೆ ನೋಡದೆ, "ಅಮ್ಮಾ, ಮೈ ಅಬ್ ಗ್ರೇನ್ ನಹೀ ಖಾತೀ" ಎಂದಳು. ಅಕ್ಕಿ, ಗೋಧಿ, ರವೆ ಯಾವುದೂ ಇಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ, ಅದು ಹಳೆಯ ಕಥೆ. ಆದರೆ ಹೆತ್ತ ಮನೆಗೆ ತನ್ನ ಊಟದ ಡಬ್ಬಿ ತಾನೇ ಕಟ್ಟಿಕೊಂಡು ಬರುವುದು ಹೊಸದು. ಉಡುಪಿ ಕಡೆಯ ಹೆಂಗಸು ನಾನು. ನನಗೆ ಬರುವ ಅಡುಗೆಯೆಲ್ಲ ಅಕ್ಕಿ ನೆನೆಹಾಕುವುದರಿಂದಲೇ ಶುರು. ಅವಳು ತಾನು ಬರೀ ಧಾನ್ಯ ಬಿಟ್ಟೆನೆಂದುಕೊಂಡಿದ್ದಾಳೆ. ಇಲ್ಲಿ ನನಗೆ ಕೈಯೇ ಇಲ್ಲದ ಹಾಗಾಯಿತು. ಭಾನುವಾರ ಅವಳು ಸೋಫಾದಲ್ಲಿ ಕೂತು ಪನೀರಿನ ತುಂಡು, ಸೌತೆಕಾಯಿ ತಿನ್ನುವಾಗ, ನಾನು ಎದುರಿಗೆ ಕೂತು ಅವಳ ದವಡೆ ಆಡುವುದನ್ನು ನೋಡುತ್ತಿದ್ದೆ. ನೆಂಟರ ಮನೆಗೆ ಬಂದವಳ ಹಾಗೆ, ಅವಳಲ್ಲ, ನಾನು.

ಆಗ ಫೋನಿನಲ್ಲಿ ಕಂಡದ್ದು ಈ ಧಾನ್ಯವಿಲ್ಲದ ಗ್ರನೋಲಾ. ಗ್ರನೋಲಾ ಎಂದರೆ ಮೂಲದಲ್ಲಿ ಓಟ್ಸ್ ಹುರಿದು ಮಾಡುವ ತಿಂಡಿಯಂತೆ. ಅದರಿಂದ ಓಟ್ಸನ್ನೇ ತೆಗೆದರೆ ಉಳಿಯುವುದೇನು ಎಂದು ಕೇಳಬಾರದು. ಬಾದಾಮಿ, ಕುಂಬಳಬೀಜ, ಸೂರ್ಯಕಾಂತಿ ಬೀಜ, ಒಣಕೊಬ್ಬರಿ, ಜೇನು ಉಳಿಯುತ್ತವೆ. ನಮ್ಮಲ್ಲಿ ಓವನ್ ಇಲ್ಲ, ದಪ್ಪ ತಳದ ಬಾಣಲೆಯಿದೆ. ಜೇನಿನ ಬದಲು ಊರಿನಿಂದ ಬಂದ ಜೋನಿಬೆಲ್ಲ ಹಾಕಿದೆ. ಮೊದಲ ಸಲ ಸೀದುಹೋಯಿತು. ಎರಡನೆಯ ಸಲ ಚಿಕ್ಕಿಯಾಗಿ ಬಾಣಲೆಯನ್ನೇ ಹಿಡಿದುಕೊಂಡಿತು. ನಮ್ಮವರು ಕೋಪರಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯವೆಲ್ಲ ಕೂತು ಈಗ ಮನೆಯಲ್ಲಿದ್ದಾರೆ, ಗಲ್ಲಾದ ಗತ್ತು ಮಾತ್ರ ಬಿಟ್ಟಿಲ್ಲ. ಸಟ್ಟುಗದಿಂದ ಕುಟ್ಟಿ ನೋಡಿ, "ಎಂತ ಮಾರಾಯ್ತಿ ಇದು, ತಿನ್ಲಿಕ್ಕೋ ಗೋಡೆ ಕಟ್ಲಿಕ್ಕೋ?" ಎಂದರು.

ಮೂರನೆಯ ಸಲ ಬಣ್ಣ ಬಂತು, ಪರಿಮಳ ಬಂತು, ಆದರೆ ಹಗುರವಾಗಿ ಗರಿಗರಿ ಎನ್ನುವಂಥದ್ದೇನೋ ಬರಲಿಲ್ಲ. ಕೈ ತಾನಾಗಿ ತೆಳು ಅವಲಕ್ಕಿಯ ಡಬ್ಬಿಗೆ ಹೋಯಿತು. ಒಂದು ಹಿಡಿ ಹುರಿದು ಬೆರೆಸಿದೆ. ಅಳುಕು ಸ್ವಲ್ಪವೂ ಆಗಲಿಲ್ಲ. ನಮ್ಮ ಅತ್ತೆ ಶನಿವಾರ ಒಪ್ಪೊತ್ತು ಮಾಡುತ್ತಿದ್ದರು. ಶನಿವಾರವೋ ಸೋಮವಾರವೋ, ಈಗ ಖಚಿತವಿಲ್ಲ. ರಾತ್ರಿ ಅನ್ನ ಮುಟ್ಟುತ್ತಿರಲಿಲ್ಲ. "ಇವತ್ತು ನನಗೆ ಎಂತದೂ ಬೇಡ, ಸ್ವಲ್ಪ ಫಲಾಹಾರ ಮಾತ್ರ" ಎಂದು ತೆಂಗಿನಕಾಯಿ ಬೆಲ್ಲ ಕಲಸಿದ ಅವಲಕ್ಕಿಯನ್ನು ಬಟ್ಟಲು ತುಂಬ ತಿಂದು ಏಳುತ್ತಿದ್ದರು. ಹಣ್ಣು ಒಂದೂ ಇಲ್ಲದ ಈ ಫಲಾಹಾರ ನೋಡಿಯೇ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಬೇಯಿಸಿದರೆ ಅನ್ನ, ಕುಟ್ಟಿದರೆ ಉಪವಾಸ. ಎಂ.ಎ. ಮಾಡಿದ್ದರೂ ಅವಲಕ್ಕಿ ಭತ್ತದಿಂದಲೇ ಬರುತ್ತದೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಭಾನುವಾರ ಸಹನಾ ಬಂದಳು. ತಟ್ಟೆಯಲ್ಲಿ ಹರಡಿಟ್ಟದ್ದನ್ನು ತೋರಿಸಿ, "ನಿನಗೇ ಮಾಡಿದ್ದು ಮಗಾ, ಧಾನ್ಯ ಇಲ್ಲ" ಎಂದೆ. ಒಂದು ಮುಷ್ಟಿ ಬಾಯಿಗೆ ಹಾಕಿದಳು. ಕಣ್ಣು ಅರಳಿತು. "ವಾಹ್ ಅಮ್ಮಾ, ಕಿತ್ನಾ ಕುರ್ಕುರಾ ಹೈ! ಯೇ ಪತ್ಲಾ ಪತ್ಲಾ ಕ್ಯಾ ಹೈ?"

"ತೆಳು ಅವಲಕ್ಕಿ."

"ಪೋಹಾ? ಅಮ್ಮಾ! ವೋ ತೋ ಚಾವಲ್ ಹೈ!"

"ಅನ್ನ ಅಲ್ಲ ಮಗಾ. ಅಜ್ಜಿ ಒಪ್ಪೊತ್ತಿಗೆ ತಿಂತಿದ್ದದ್ದು."

ನಮ್ಮವರು ಪೇಪರಿನ ಹಿಂದಿನಿಂದ, "ಅಮ್ಮ ಹೇಳಿದ್ದು ಸರಿ ಉಂಟು. ನಮ್ಮ ಹೋಟೆಲಲ್ಲೂ ಒಪ್ಪೊತ್ತಿನವರಿಗೆ ಅದನ್ನೇ ಕೊಡ್ತಿದ್ದದ್ದು. ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ" ಎಂದರು.

"ಅಪ್ಪಾ, ಆಪ್ ಭೀ?" ಎಂದು ಸಹನಾ ನಗತೊಡಗಿದಳು. ನಕ್ಕು ನಕ್ಕು ಅಡುಗೆಕಟ್ಟೆಗೆ ಒರಗಿದಳು. ಎಷ್ಟೋ ಭಾನುವಾರಗಳ ಮೇಲೆ ಅವಳು ಅಡುಗೆಮನೆಯೊಳಗೆ ನಿಂತಿದ್ದಳು. ಆಮೇಲೆ ಸೋಫಾಕ್ಕೆ ಹೋಗಿ ತನ್ನ ಡಬ್ಬಿಯ ಪನೀರು ತಿಂದಳು. ಗ್ರನೋಲಾವನ್ನು ಬಾಟಲಿಗೆ ತುಂಬಿ ಕೊಡಲು ಹೋದರೆ "ನೆಕ್ಸ್ಟ್ ಟೈಮ್" ಎಂದು ಗಾಡಿ ಹಿಡಿಯಲು ಹೊರಟಳು.

ನನಗೆ ಸ್ಪಷ್ಟವಾಗಿ ನೆನಪಿರುವುದು ಒಂದು ಸಂಗತಿ. ಆ ನಗುವಿನ ನಡುವೆ, ಅದು ಅಕ್ಕಿಯೆಂದು ಗೊತ್ತಾದ ಮೇಲೂ, ಅವಳ ಕೈ ತಟ್ಟೆಗೆ ಬಂದು ಇನ್ನೊಂದು ಮುಷ್ಟಿ ಎತ್ತಿಕೊಂಡಿತು. ಇದನ್ನು ಹೇಳಿದರೆ ನಮ್ಮವರು ಒಪ್ಪುವುದಿಲ್ಲ.

"ಅದು ನನ್ನ ಕೈ ಮಾರಾಯ್ತಿ. ಚಾ ಕುಡೀಲಿಕ್ಕೆ ಬಂದವ ತೆಗೊಂಡೆ."

"ನಿಮ್ಮ ಕೈಗೂ ಅವಳ ಕೈಗೂ ನನಗೆ ವ್ಯತ್ಯಾಸ ಗೊತ್ತಾಗುದಿಲ್ವಾ?"

"ನಿನಗೆ ಬೇಕಾದ ಕೈ ನಿನಗೆ ಕಾಣ್ತದೆ."

ನನ್ನ ಬಗ್ಗೆ ನಾನೇ ಹೇಳಿಕೊಳ್ಳುವ ಮಾತನ್ನು ಬೇರೆಯವರು ಹೇಳಿದರೆ ಎಷ್ಟು ಸಿಟ್ಟು ಬರುತ್ತದೆ ನೋಡಿ! ಆ ಕೈಯಲ್ಲಿ ಉಂಗುರವಿತ್ತೇ, ಗಡಿಯಾರವಿತ್ತೇ ಎಂದು ಎಷ್ಟು ನೆನೆಸಿಕೊಂಡರೂ ಕಾಣುವುದು ಬಾದಾಮಿಯ ನಡುವೆ ಇಳಿಯುತ್ತಿರುವ ಬೆರಳು ಮಾತ್ರ. ಕೊನೆಗೆ ಸಹನಾಳಿಗೇ ಮೆಸೇಜು ಮಾಡಿದೆ. ಅವಳಿಗೆ ಕನ್ನಡ ಓದಲು ಬಾರದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ, ಮೂರು ಸಲ ಅಳಿಸಿ, ಸಾಧ್ಯವಾದಷ್ಟು ಉದಾಸೀನದ ಧಾಟಿಯಲ್ಲಿ ಬರೆದೆ. ಓದಿದ್ದಾಳೆ, ನೀಲಿ ಗುರುತು ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ. ಕೇಳಿದ್ದು ಇಷ್ಟೇ: "ಮಗಾ, ಅವತ್ತು ಎರಡನೇ ಸಲ ತಟ್ಟೆಗೆ ಕೈ ಹಾಕಿದ್ದು ನೀನಾ, ಅಪ್ಪನಾ?"