ಚೆಲುವಣ್ಣನವರ ಕಂಪ್ಯೂಟರ್ ಪಂಕ್ತಿ

ಇನ್ನೊಬ್ಬರನ್ನು ಒಪ್ಪಿಸುವುದು ನನಗೆ ಮೊದಲಿಂದಲೂ ಆಗಿಬರದ ವಿದ್ಯೆ. ಮದುವೆಗೆ ನನ್ನ ಹೆಂಡತಿಯನ್ನು ಒಪ್ಪಿಸಿದವರು ನಮ್ಮ ಸೋದರತ್ತೆ. ಬಸ್ಸಿನಲ್ಲಿ ಕಂಡಕ್ಟರನ ಕೈಯಿಂದ ಚಿಲ್ಲರೆ ಬಿಡಿಸುವುದು ಈಗಲೂ ನನ್ನ ಹೆಂಡತಿಯೇ. ಇಂಥ ನಾನು ತೊಂಬತ್ತರ ದಶಕದ ಕೊನೆಯಲ್ಲಿ, ಪಾಂಡವಪುರದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದು, 'ಇಲ್ಲಿ ವೆಬ್‌ಸೈಟ್ ಮಾಡಿಕೊಡಲಾಗುವುದು' ಎಂದು ಬೋರ್ಡು ಬರೆಸಿದೆ. ಮೆಟ್ಟಿಲು ಹತ್ತಿ ಬಂದವರು ಜಾತಕ ಕೇಳಿದರು, ಇಲ್ಲವೇ ಸೀರೆ ಕೇಳಿದರು. ಕೆ.ಆರ್.ಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ನನ್ನ ಮಾವ ಒಂದು ದಿನ ಬಂದು ಕೂತು, ಯಾರೂ ಬಾರದ್ದನ್ನು ಕಣ್ಣಾರೆ ಕಂಡು, ಯುಗಾದಿಯೊಳಗೆ ಒಬ್ಬ ಗಿರಾಕಿಯಾದರೂ ಸಿಗದಿದ್ದರೆ ತಮ್ಮ ಅಂಗಡಿಗೆ ಬಂದು ಯೂರಿಯಾ ತೂಗಬೇಕೆಂದು ಹೇಳಿಹೋದರು. ಮಾವನವರಿಗೆ ಹೆಚ್ಚು ಮಾತಿಲ್ಲ, ನನಗೆ ಅದೇ ಹೆದರಿಕೆ.

ಆಗ ನೆನಪಾದವರು ನಾಗಮಂಗಲದ ಚೆಲುವಣ್ಣ, ಮದುವೆ ಅಡುಗೆಯ ಕಂಟ್ರಾಕ್ಟರು. ಶ್ರೀರಂಗಪಟ್ಟಣದಿಂದ ಸಂತೆಬಾಚಹಳ್ಳಿಯವರೆಗೆ ಅವರ ಕೈಯಡುಗೆ ಉಣ್ಣದ ಬೀಗರಿಲ್ಲ. ನನ್ನ ಮದುವೆಗೂ ಅವರೇ ಒಲೆ ಹಚ್ಚಿದ್ದು. ಆ ಸಲಿಗೆಯಿಂದ ಹೋಗಿ, ದೂರದೂರಿನವರೂ ವೆಬ್‌ಸೈಟ್ ನೋಡಿ ನಿಮ್ಮನ್ನು ಗೊತ್ತು ಮಾಡುತ್ತಾರೆ ಎಂದು ಒಂದು ಗಂಟೆ ಕೊರೆದೆ. ಅವರು ಎಲ್ಲ ಕೇಳಿಸಿಕೊಂಡು, ಜೇಬಿನಿಂದ ತಮ್ಮ ಪಾಂಪ್ಲೆಟ್ ತೆಗೆದು ನನ್ನ ಕೈಗಿಟ್ಟರು. ಹೆಸರು, ಫೋನ್ ನಂಬರು, ಕೈಮುಗಿದ ಫೋಟೋ. "ಇದ್ರಲ್ಲಿ ಇಲ್ದೇ ಇರೋದು ನಿಮ್ದ್ರಲ್ಲಿ ಏನದೆ ಮೇಷ್ಟ್ರೆ?" ಎಂದರು. ನಾನು, ಇದು ಮಲ್ಟಿಮೀಡಿಯಾ, ಪಾಂಪ್ಲೆಟ್ ಬಿದ್ದಲ್ಲೇ ಬಿದ್ದಿರುತ್ತದೆ, ಇದು ಕುಣಿಯುತ್ತದೆ, ಹಾಡುತ್ತದೆ, ನೋಡುವವರು ಒತ್ತಿದ್ದಕ್ಕೆಲ್ಲ ಉತ್ತರ ಕೊಡುತ್ತದೆ ಎಂದೆ. ಚೆಲುವಣ್ಣ ನನ್ನನ್ನು ಕನಿಕರದಿಂದ ನೋಡಿದರು. "ಅಡ್ಗೆ ಅನ್ನೋದು ಬಾಯ್ಗಾಕ್ಕಂಡು ನೋಡೋದು. ಬೆರಳಲ್ಲಿ ಒತ್ತಿ ನೋಡಕೆ ಅದೇನ್ ಮಾವಿನಣ್ಣಾ?" ಆದರೂ ಮನೆಗೆ ಬಂದವನನ್ನು ಬರಿಗೈಲಿ ಕಳಿಸಬಾರದೆಂದೋ ಏನೋ, ಮಾಡಿಕೊಂಡು ಬನ್ನಿ ನೋಡೋಣ ಎಂದರು.

ಮೈಸೂರಿನ ಗೆಳೆಯನಿಂದ ಒಂದು ದಪ್ಪ ಪುಸ್ತಕ ತಂದು, ಅರ್ಥವಾದಷ್ಟನ್ನು ನೋಡಿಕೊಂಡು, ಆಗದಷ್ಟನ್ನು ದೇವರ ಮೇಲೆ ಭಾರ ಹಾಕಿ ಕೆಲಸ ಶುರು ಮಾಡಿದೆ. ಪರದೆ ತುಂಬ ಬಾಳೆ ಎಲೆ, ಪಕ್ಕದಲ್ಲಿ ಬಕೆಟ್ಟುಗಳು, ಹಿಂದೆ ಓಲಗ. ಪಲ್ಯ ಒತ್ತಿದರೆ ಪಲ್ಯ, ಸಾರು ಒತ್ತಿದರೆ ಸಾರು, ಒಬ್ಬಟ್ಟು ಒತ್ತಿದರೆ 'ತಪ್' ಎಂದು ಒಬ್ಬಟ್ಟು. ಕೆಳಗೆ 'ಸಾಕು' ಎಂಬ ಗುಂಡಿ, ಒತ್ತಿದರೆ ಬಡಿಸುವುದು ನಿಲ್ಲಬೇಕು. ಕಂಪ್ಯೂಟರನ್ನು ಜಮಖಾನದಲ್ಲಿ ಸುತ್ತಿ ನಾಗಮಂಗಲದ ಬಸ್ಸು ಹತ್ತಿದೆ. ಪಕ್ಕದವರು ದಾರಿಯುದ್ದಕ್ಕೂ ಅದರಲ್ಲಿ ಕ್ರಿಕೆಟ್ ಬರುತ್ತದೆಯೇ ಎಂದು ಕೇಳುತ್ತಲೇ ಇದ್ದರು.

ಚೆಲುವಣ್ಣನವರ ನಡುಮನೆಯಲ್ಲಿ ಓಲಗ ಮೊಳಗಿತು. ಅವರ ತಾಯಿ ಮಣೆ ಹಾಕಿಕೊಂಡು ಮುಂದೆಯೇ ಕೂತರು. ಪರದೆ ಬೆಳಗಿದ್ದೇ ತಡ, ಚೆಲುವಣ್ಣನವರ ಮುಖ ಹುಳ್ಳಗಾಯಿತು. "ಎಲೆ ತುದಿ ಬಲಕ್ಕದಲ್ಲ ಮೇಷ್ಟ್ರೆ. ಇದ್ಯಾರ್ ತಿಥಿ?" ಬಕೆಟ್ಟುಗಳಿಗೆ ಜಾಗ ಸಾಲದೆ ನಾನೇ ಚಿತ್ರವನ್ನು ತಿರುಗಿಸಿದ್ದೆ. ಉಂಡು ಉಂಡು ಬೆಳೆದ ಜನ್ಮಕ್ಕೆ ಅಷ್ಟೂ ಹೊಳೆಯಲಿಲ್ಲವೇ! ಅವರು ಎದ್ದು ಬಾಗಿಲ ಕಡೆ ಹೊರಟರು. ನನ್ನ ಕಣ್ಣ ಮುಂದೆ ಯೂರಿಯಾ ಮೂಟೆಗಳು ಸಾಲಾಗಿ ನಿಂತವು. ಅಷ್ಟರಲ್ಲಿ ಅಜ್ಜಿ ಮೌಸು ಹಿಡಿದು ಒಬ್ಬಟ್ಟು ಒತ್ತಿದ್ದರು. ಒಬ್ಬಟ್ಟು ಬಿತ್ತು. ಅಜ್ಜಿ ಗಾಬರಿಯಾದರು. ಹೆದರಬೇಡಿ, 'ಸಾಕು' ಒತ್ತಿ ಎಂದೆ. ಒತ್ತಿದರು. ಇನ್ನೊಂದು ಒಬ್ಬಟ್ಟು ಬಿತ್ತು. ಮತ್ತೆ ಒತ್ತಿದರು, ಮತ್ತೊಂದು ಬಿತ್ತು. ಎಲ್ಲೋ ಲೆಕ್ಕ ತಪ್ಪಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚೆಲುವಣ್ಣ ಬಾಗಿಲಿನಿಂದ ವಾಪಸ್ಸು ಬಂದು ತಾವೇ 'ಸಾಕು' ಒತ್ತಿದರು. ತಪ್. ಅವರ ಹೊಟ್ಟೆ ಕುಲುಕಾಡಿ ನಗು ಎದ್ದಿತು.

"ಅವ್ವ, ಇದ್ಕೆ ಬಡ್ಸೋದು ಗೊತ್ತದೆ ಕಣವ್ವ," ಎಂದರು. "ಸಾಕು ಅಂದೇಟ್ಗೆ ನಿಲ್ಸೋನು ಬಡ್ಸೋನೇ ಅಲ್ಲ."

ಆಮೇಲೆ ಮನೆಮಂದಿಯೆಲ್ಲ ಸರದಿಯಲ್ಲಿ ಒತ್ತಿದರು. ಒಬ್ಬಟ್ಟು ಎಲೆ ತುಂಬಿ, ಬಕೆಟ್ಟು ಮುಚ್ಚಿ, ಕೊನೆಗೆ ಕಂಪ್ಯೂಟರೇ ಅಜೀರ್ಣವಾಗಿ ನಿಂತಿತು. ಅದಕ್ಕೂ ನಕ್ಕರು. ಎಲೆಯನ್ನು ಮಾತ್ರ ತಿರುಗಿಸಿಕೊಡಿ, ಮಿಕ್ಕಿದ್ದೆಲ್ಲ ಹೀಗೇ ಇರಲಿ ಎಂದು ಎಲೆಅಡಿಕೆ ಕೊಟ್ಟು ಕಳಿಸಿದರು. ನಾನು ಎಸ್‌ಟಿಡಿ ಬೂತಿನಿಂದಲೇ ಮಾವನವರಿಗೆ ಫೋನು ಮಾಡಿದೆ. ಬರುವಾಗ ಬಸ್ಸಿನಲ್ಲಿ ಗುರುತಿಲ್ಲದವರಿಗೆಲ್ಲ ನಮಸ್ಕಾರ ಮಾಡಿದೆ.

ಎಲೆ ತಿರುಗಿಸಿದೆ. ಎಲೆ ತಿರುಗಿದ ಮೇಲೆ ಬಕೆಟ್ಟುಗಳೂ ಆಚೆಗೆ ಹೋಗಬೇಕು, ಗುಂಡಿಗಳನ್ನೂ ಹೊಸದಾಗಿ ಬರೆಯಬೇಕು. ಪುಸ್ತಕ ನೋಡಿ ನೋಡಿ ಬರೆದು, ಹಳೆಯದರ ಮೇಲೆಯೇ ಸೇವ್ ಮಾಡಿದೆ, ಹಳೆಯದು ಅಳಿಸಿಹೋಯಿತು. ಯುಗಾದಿಗೆ ಮುಂಚೆ ಚೆಲುವಣ್ಣ ತಮ್ಮ ಬಾಣಸಿಗರನ್ನೆಲ್ಲ ಕರೆದುಕೊಂಡು ಸೆಂಟರಿಗೆ ಬಂದರು. ಮಾವನವರೂ ಬಂದರು. ಓಲಗ ಸರಿ, ಎಲೆ ಸರಿ. ಒಬ್ಬಟ್ಟು ಬಿತ್ತು. ಚೆಲುವಣ್ಣ ಎಲ್ಲರ ಮುಖ ನೋಡಿ ಕಣ್ಣು ಹೊಡೆದು 'ಸಾಕು' ಒತ್ತಿದರು. ನಿಂತಿತು. ಮತ್ತೆ ಒತ್ತಿದರು. ಏನೂ ಬೀಳಲಿಲ್ಲ. "ಇದ್ಯಾಕ್ ಮೇಷ್ಟ್ರೆ, ಕೈ ಬಿಗಿ ಮಾಡ್ಬುಟ್ರಿ?" ಎಂದು ನೊಂದು ಕೇಳಿದರು. ಅಲ್ಲೇ ಕೂತು ಸರಿಯಾಗಿದ್ದನ್ನು ಕೆಡಿಸಲು ಹೆಣಗಿದೆ. ಒಮ್ಮೆ ಉಪ್ಪು ಬಿತ್ತು. ಇನ್ನೊಮ್ಮೆ ಒಬ್ಬಟ್ಟು ಎಲೆಯ ಆಚೆ, ನೆಲದ ಮೇಲೆ ಬಿತ್ತು. ಅದನ್ನು ಕಂಡ ಚೆಲುವಣ್ಣ ಚಪ್ಪಲಿ ಹುಡುಕತೊಡಗಿದರು. "ಪಾಂಪ್ಲೆಟ್ಟೇ ಇರ್ಲಿ ಬುಡಿ," ಎಂದರು.

ಆ ಯುಗಾದಿಯಿಂದ ನಾನು ಕೆ.ಆರ್.ಪೇಟೆಯ ಗೊಬ್ಬರದಂಗಡಿಯಲ್ಲಿದ್ದೇನೆ. ನಮ್ಮ ಅಳಿಯಂದಿರು ತೂಕದಲ್ಲಿ ಇವತ್ತಿನವರೆಗೆ ಒಂದು ತಪ್ಪೂ ಮಾಡಿಲ್ಲ ಎಂದು ಮಾವನವರು ಬಂದವರಿಗೆಲ್ಲ ಹೇಳಿಕೊಳ್ಳುತ್ತಾರೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ಚೆಂದದ ತಪ್ಪೊಂದು ಈ ಕೈಯಲ್ಲೇ ಆಗಿತ್ತು ಎಂದರೆ ಅವರು ನಂಬುವುದಿಲ್ಲ.