ಒಂದು ರೂಪಾಯಿಯ ಬಾಕಿದಾರ

ಬುದ್ಧಿ ಹೇಳುವ ಅವಕಾಶ ಸಿಕ್ಕರೆ ನನಗೆ ಊಟವೂ ಬೇಡ. ಸಿಂಧನೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ ನಾನು. ಗೌರವಧನ ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಬರುತ್ತದೆ. ಉಪನ್ಯಾಸ ಮಾತ್ರ ದಿನಾ ಬರುತ್ತದೆ. ಹಾಗಾಗಿ ಕೈಗಡ ತಪ್ಪಿದ್ದಲ್ಲ. ನಮ್ಮ ಬೆಳಗಿನ ವಾಕಿಂಗ್ ಬಳಗದಲ್ಲಿ ಎಲ್ಲರೂ ಎಲ್ಲರಿಗೂ ಸಾಲ ಕೊಡುವವರೇ, ಎಲ್ಲರಿಂದಲೂ ಪಡೆಯುವವರೇ. ಆದರೆ ಕೊಟ್ಟವರ ನೆನಪು ಚುರುಕು, ಪಡೆದವರದು ಮಂಕು. ನಡಿಗೆಗಿಂತ ಜಗಳದಲ್ಲೇ ನಮಗೆ ಹೆಚ್ಚು ಬೆವರು ಇಳಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ರಾಯಚೂರಿನ ಕಾರ್ಯಾಗಾರವೊಂದರಲ್ಲಿ ಬ್ಲಾಕ್‌ಚೈನ್ ವಿಷಯ ನನ್ನ ಕಿವಿಗೆ ಬಿತ್ತು. ಸಾಲದ ಲೆಕ್ಕ ಒಬ್ಬರ ಕೈಯಲ್ಲಿರದೆ ಎಲ್ಲರ ಫೋನಿನಲ್ಲೂ ಒಂದೊಂದು ಪ್ರತಿ ಇರುತ್ತದಂತೆ. ಒಮ್ಮೆ ಬರೆದದ್ದನ್ನು ಯಾರೂ ಅಳಿಸುವಂತಿಲ್ಲವಂತೆ. ಊರ ಪಕ್ಕದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮೌಸುಮಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಇಂಥ ಆ್ಯಪ್ ಮಾಡುವುದೇ ಅವಳ ಕೆಲಸ. ನಮಗೊಂದು ಮಾಡಿಕೊಟ್ಟಳು. ಗಡುವಿನೊಳಗೆ ಸಾಲ ಪೂರ್ತಿ ತೀರದಿದ್ದರೆ ಸಾಲಗಾರನ ಹೆಸರು ಎಲ್ಲರ ಫೋನಿನಲ್ಲೂ ಕೆಂಪಾಗಬೇಕು. ಅವನಿಗೆ ಬಳಗದವರು ಆ್ಯಪಿನಲ್ಲೂ ಕೊಡಬಾರದು, ಕೈಯಲ್ಲೂ ಕೊಡಬಾರದು. ನಿಯಮವೆಲ್ಲ ನನ್ನದೇ.

"ಸಣ್ಣಪುಟ್ಟದ್ದಕ್ಕ ಒಂಚೂರು ಸಡಿಲ ಬಿಡೋಣೇನ್ರಿ ಸರ?" ಎಂದಳು ಮೌಸುಮಿ.

"ಬಿಲ್‌ಕುಲ್ ಬ್ಯಾಡ" ಎಂದೆ.

ಕೆಂಪಾದ ಮೊದಲ ಹೆಸರು ನನ್ನದೇ. ನಮ್ಮ ಬಳಗದವರೇ ಆದ ಬಟ್ಟೆ ಅಂಗಡಿಯ ಚನ್ನಪ್ಪನವರಿಂದ ಪಡೆದ ಮೂವತ್ತು ಸಾವಿರವನ್ನು ಗಡುವಿಗೆ ಮೊದಲೇ ಹಿಂದಿರುಗಿಸಿದ್ದೆ. ಅವರು ಹಣವನ್ನು ಕಣ್ಣಿಗೊತ್ತಿಕೊಂಡು, ಗಲ್ಲಾದಿಂದ ಒಂದು ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟಿದ್ದರು. "ಇದೊಂದು ನಿಮ್ಮ ಕಡೆ ಬಾಕಿ ಇರ್ಲಿ ಸರ. ಲೆಕ್ಕ ಪೂರಾ ಹರೀಬಾರ್ದು. ಲೆಕ್ಕ ಹರದ್ರ ಬಳಕಿನೂ ಹರೀತದ." ಕೊಟ್ಟವರ, ಕೊಂಡವರ ನಂಟು ಉಳಿಯಲೆಂದು ಅವರ ಅಪ್ಪನ ಕಾಲದಿಂದ ಆ ಅಂಗಡಿಯ ಪದ್ಧತಿ ಅದು. ನನಗೂ ಖುಷಿಯಾಗಿ, ಆ ರೂಪಾಯಿಗೆ ಶೇಂಗಾ ಚಿಕ್ಕಿ ತಿಂದು ಮನೆಗೆ ಬಂದಿದ್ದೆ. ಚನ್ನಪ್ಪನವರು ಆ್ಯಪಿನಲ್ಲಿ ಒಂದು ರೂಪಾಯಿ ಬಾಕಿ ಎಂದು ನಿಷ್ಠೆಯಿಂದ ಬರೆದಿದ್ದರು.

ಗಡುವು ಮುಗಿದು ಹೆಸರು ಕೆಂಪಾಗಿದೆಯೆಂದು ಗೊತ್ತಾದದ್ದು ಮಗಳ ನರ್ಸಿಂಗ್ ಕಾಲೇಜಿನ ಫೀಗೆ ಬಳಗದ ಒಬ್ಬರಲ್ಲಿ ಸಾಲ ಕೇಳಿದಾಗ. ಮರುದಿನವೇ ಕೊನೆ, ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಚನ್ನಪ್ಪನವರಿಗೆ ಫೋನಿನಲ್ಲೇ ಒಂದು ರೂಪಾಯಿ ಕಳಿಸಿದೆ. ಮರುಕ್ಷಣ ಅದು ಕೈಮುಗಿದ ಚಿತ್ರದೊಂದಿಗೆ ವಾಪಸ್ಸು ಬಂತು. ಮೌಸುಮಿಗೆ ಫೋನು ಹಚ್ಚಿದೆ. "ಅವ್ರು ಮುಟ್ಟಿತು ಅಂತ ಬರಿಯೋತನಕ ನನ್ನ ಕಡೆ ಏನೂ ಆಗಂಗಿಲ್ರಿ ಸರ. ಚೈನಿಗೆ ದಾಕ್ಷಿಣ್ಯ ಇಲ್ರಿ" ಎಂದಳು. ಹೆಂಡತಿ ಒಳಗಿನಿಂದಲೇ, "ಊರಿಗೆಲ್ಲಾ ಲೆಕ್ಕಾ ಕಲಿಸ್ತೀರಿ, ಒಂದು ರೂಪಾಯಿ ಕೊಡಾಕ ಆಗವಲ್ದೇನ್ರಿ?" ಎಂದಳು.

ಅಂಗಡಿಗೆ ಓಡಿದೆ. "ಪೂರಾ ಮುಟ್ಟಿತು ಅಂತ ಬರೀರಿ ಚನ್ನಪ್ಪನೋರ!"

"ಮುಟ್ಲಾರದ್ದು ಮುಟ್ಟಿತು ಅಂತ ಹೆಂಗ ಬರೀಲ್ರಿ? ಸುಳ್ಳು ಬರೀಬಾರ್ದಂತ ನೀವ ಭಾಷಣ ಮಾಡೀರಿ."

"ಹಂಗಾರ ಈ ರೂಪಾಯಿ ತಗೋರಿ."

"ಅದೊಂದು ಕೇಳಬ್ಯಾಡ್ರಿ. ನಿಮ್ಮ ಜೋಡಿ ಬಳಕಿ ಕಡಕೊಳ್ಳಾಕ ನನಗ ಮನಸಿಲ್ಲ."

ಸಿಟ್ಟಿನಲ್ಲಿ ಮಗಳ ಫೀ, ಪರೀಕ್ಷೆಯ ಮಾತು ಬಾಯಿಂದ ಬಂದುಬಿಟ್ಟಿತು. ಚನ್ನಪ್ಪನವರು ಕತ್ತರಿ ಕೆಳಗಿಟ್ಟರು. "ಕೂಸಿನ ಫೀ ಅಂತ ಮೊದ್ಲ ಹೇಳಬಾರ್ದೇನ್ರಿ?" ಎಂದು ಬೈಯುತ್ತಲೇ ಗಲ್ಲಾ ತೆರೆದು, ನೋಟಿನ ಕಟ್ಟನ್ನು ಒಂದು ಕುಪ್ಪಸದ ಖಣದಲ್ಲಿ ಸುತ್ತಿ ಕೊಟ್ಟರು. ಆಮೇಲೆ ಫೋನು ಕೈಗೆತ್ತಿಕೊಂಡು ಕೇಳಿದರು, "ಬರಕೊಳ್ಳೇನ್ರಿ?"

"ಬ್ಯಾಡ್ರೀ ಯಪ್ಪಾ!" ಎಂದೆ. ಹೊರಗೆ ಬರುವಾಗ ಬಳಗದವರು ಯಾರಾದರೂ ಇದ್ದಾರೇನೋ ಎಂದು ರಸ್ತೆಯ ಆಚೀಚೆ ನೋಡಿದೆ.

ಫೀ ಕಟ್ಟಿಯಾಯಿತು. ಮರುವಾರ ಬಳಗಕ್ಕೆ ಹೊಸಬರೊಬ್ಬರು ಸೇರಿದರು. ಬ್ಲಾಕ್‌ಚೈನಿನಿಂದ ಉತ್ತರದಾಯಿತ್ವ ಹೇಗೆ ಹೆಚ್ಚುತ್ತದೆಂದು ಅವರಿಗೆ ಮೈದಾನದ ಸುತ್ತಲೂ ವಿವರಿಸಿದೆ. ಅವರು ಫೋನು ನೋಡಿ ಸಂಕೋಚದಿಂದ, "ನಿಮ್ಮ ಹೆಸರ ಕೆಂಪೈತಲ್ರೀ ಸರ?" ಎಂದರು.

"ಅದ ನೋಡ್ರಿ ಇದರ ಹೆಚ್ಚುಗಾರಿಕಿ! ತಂದವ ನಾನ, ಆದ್ರ ನನಗೂ ರಿಯಾಯಿತಿ ಇಲ್ಲ. ಇದರಾಗ ಯಾರೂ ಏನೂ ಮುಚ್ಚಿಡಾಕ ಬರಂಗಿಲ್ಲ" ಎಂದೆ.

ಪಕ್ಕದಲ್ಲಿ ನಡೆಯುತ್ತಿದ್ದ ಚನ್ನಪ್ಪನವರು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದರು.