ನಮ್ಮಣ್ಣ ವೈನ್ ಪಟ್ಟಿ ತಿದ್ದಿದ್ದು

ನಮ್ಮಣ್ಣ ಜೀವಮಾನದಲ್ಲಿ ಒಂದು ತೊಟ್ಟು ವೈನ್ ಕುಡಿದವನಲ್ಲ. ಆದರೂ ಹರಿಯಾಣದ ಒಂದು ರೆಸಾರ್ಟಿನ ವೈನ್ ಪಟ್ಟಿಯಲ್ಲಿ ಮುಕ್ಕಾಲು ಪಾಲು ಹೆಸರುಗಳನ್ನು ಹೊಡೆದುಹಾಕಿದವನು ಅವನೇ! ಆಗ ನಾನು ಅಲ್ಲೇ ಇದ್ದೆ. ಹೇಗಿದ್ದೆ ಎಂಬುದನ್ನು ಹೇಳಿಕೊಳ್ಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಣ್ಣನಿಗೆ ಫರೀದಾಬಾದಿನ ಪಂಪಿನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಬಂದ ಸರಕಿನಲ್ಲಿ ಮೇಲಿನದೊಂದು, ನಡುವಿನದೊಂದು, ಅಡಿಯದೊಂದು ತೆಗೆದು ನೋಡಬೇಕು. ಕೆಟ್ಟದ್ದಕ್ಕೆ ಕೆಂಪು ಪೆನ್ಸಿಲ್ಲಿನ ಗುರುತು ಹಾಕಬೇಕು. ಗೇಟು ದಾಟಿ ಹೊರಬಂದ ಮೇಲೂ ಆ ಕೆಲಸ ಅವನನ್ನು ಬಿಡುತ್ತಿತ್ತೆ? ಭಾನುವಾರ ಮಯೂರ್ ವಿಹಾರಿನ ನಮ್ಮ ಮನೆಗೆ ಬಂದರೆ ತರಕಾರಿ ಭಯ್ಯಾನಿಗೆ ಗ್ರಹಚಾರ. ಬೆಂಡೆಕಾಯಿಯ ರಾಶಿಯನ್ನೆಲ್ಲ ಬುಡಮೇಲು ಮಾಡಿಸಿ ಕಾಲು ಕಿಲೋ ಕೊಳ್ಳುತ್ತಿದ್ದ. ಕೊನೆಗೆ ಆ ಭಯ್ಯಾ ಭಾನುವಾರ ನಮ್ಮ ಬೀದಿಯನ್ನೇ ಬಿಟ್ಟ!

ಹೆಣ್ಣು ನೋಡಲು ಹೋದಾಗಲೂ ಅಷ್ಟೆ. ಆ ಮನೆಯ ಬಾಗಿಲು ಕಿರ್ರೆಂದಿತು. ಅಣ್ಣ ಎಣ್ಣೆ ಕೇಳಿ ತರಿಸಿ, ಕೀಲುಗಳಿಗೆ ಬಿಟ್ಟು, ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ ನೋಡಿದ. ಹುಡುಗಿ ಬಂದು ಹೋದದ್ದು ಅವನ ಬೆನ್ನ ಹಿಂದೆ. ಸಂಬಂಧ ಮುಂದುವರಿಯಲಿಲ್ಲ, ಬಾಗಿಲು ಮಾತ್ರ ಆಮೇಲೆ ಸದ್ದು ಮಾಡಲಿಲ್ಲವಂತೆ.

ಅಂಥವನನ್ನು ಒಂದು ಭಾನುವಾರ ನಮ್ಮ ಯಜಮಾನರ ಆಫೀಸಿನವರ ಊಟಕ್ಕೆ ಕರೆದೊಯ್ದೆವು. ಅರಾವಳಿ ಗುಡ್ಡದ ಕೆಳಗೊಂದು ಕೆರೆ, ಅದರ ದಂಡೆಯಲ್ಲಿ ರೆಸಾರ್ಟು, ಕೆರೆಯ ಕಡೆಗೆ ಉದ್ದಕ್ಕೂ ಗಾಜಿನ ಗೋಡೆ. ಮೇಜಿನ ತುದಿಯಲ್ಲಿ ಕುಳಿತಿದ್ದವನೆಂದು ವೇಟರ್ ವೈನ್ ಪಟ್ಟಿಯನ್ನು ಅಣ್ಣನ ಮುಂದಿಟ್ಟ. ಎಲ್ಲರೂ ಕೆರೆ ನೋಡಿದರು. ಅಣ್ಣ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದಿದ. ಬಾಟಲಿಗಳು ಎಲ್ಲಿವೆ ಎಂದ.

ಗಾಜಿನ ಗೋಡೆಯ ಪಕ್ಕದ ಕಪಾಟು ತೋರಿಸಿದರು. ನೋಡಲು ಚೆಂದವೇ, ಆದರೆ ಹರಿಯಾಣದ ಬಿಸಿಲು ಅದರ ಮೇಲೆ ನೆಟ್ಟಗೆ ಬೀಳುತ್ತಿತ್ತು. ಅಣ್ಣ ಎದ್ದುಹೋಗಿ ಒಂದೊಂದೇ ಬಾಟಲಿಯ ಕೊರಳು ಮುಟ್ಟಿ ನೋಡಿದ. ನಿಲ್ಲಿಸಿಟ್ಟದ್ದರಿಂದ ಕಾರ್ಕು ಒಣಗಿ ಕುಗ್ಗಿದೆ, ಒಳಗೆ ಗಾಳಿ ಹೋಗಿದೆ, ಮಲಗಿಸಿಡಬೇಕಿತ್ತು ಎಂದು ಹಿಂದಿಯಲ್ಲಿ ಮ್ಯಾನೇಜರಿಗೆ ಪಾಠ ಹೇಳಿದ. ನೀರು ಸೋರದಂತೆ ಪಂಪಿನ ಸಂದಿಗೆ ಕೂರಿಸುವ ಕಾರ್ಕನ್ನು ಇಪ್ಪತ್ತು ವರ್ಷ ತಪಾಸಣೆ ಮಾಡಿದವನಲ್ಲವೆ? ಕೆಂಪು ಪೆನ್ಸಿಲ್ ಹೊರಬಂತು. ಕಾರ್ಕು ಹಾಕಿದ್ದಕ್ಕೆಲ್ಲ ಪಟ್ಟಿಯಲ್ಲಿ ಅಡ್ಡಗೆರೆ. ತಿರುಪಿನ ಮುಚ್ಚಳದವು ಮಾತ್ರ ಪಾಸು!

ಮೇಜಿನ ಸುತ್ತ ನಗು ಹರಿದಾಡಿತು. ಆಫೀಸಿನವರ ಹೆಂಡಂದಿರ ಮುಂದೆ ನಾನು ಕಾಲೇಜು ಓದಿದವಳೆಂದು ಹೇಳಿಕೊಂಡಿದ್ದೆ. ಓದಿದ್ದು ಏಳನೆಯ ತರಗತಿ. ಈ ಅಣ್ಣನ ಎಳೆ ಹಿಡಿದು ಜಗ್ಗಿದರೆ ನನ್ನ ಸುಳ್ಳೂ ಬಿಚ್ಚಿಕೊಂಡೀತೆಂಬ ಭಯ. ಅಷ್ಟರಲ್ಲಿ ಆಫೀಸಿನ ದೊಡ್ಡ ಸಾಹೇಬರ ಹೆಂಡತಿ ನನ್ನ ಕಡೆ ಬಾಗಿ, ಅವರು ನಿಮಗೇನಾಗಬೇಕು ಎಂದು ಕೇಳಿದರು.

“ಏನೂ ಇಲ್ಲ ಜೀ. ಫರೀದಾಬಾದಿನ ಕಾರ್ಖಾನೆಯವರು ಯಾರೋ. ಬರ್ತೀನಿ ಅಂದರು, ಕರಕೊಂಡು ಬಂದ್ವಿ,” ಎಂದೆ.

ತಿರುಗಿದರೆ ಅಣ್ಣ ನನ್ನ ಕುರ್ಚಿಯ ಹಿಂದೆ, ಪಟ್ಟಿ ಹಿಡಿದು ನಿಂತಿದ್ದ. ನಮ್ಮ ಯಜಮಾನರು ತಟ್ಟೆ ನೋಡುತ್ತ ಕುಳಿತರು.

ಮ್ಯಾನೇಜರಿಗೆ ಹಠ. ಗೆರೆ ಬಿದ್ದ ಬಾಟಲಿಯೊಂದನ್ನು ತೆಗೆಸಿ ದೊಡ್ಡ ಸಾಹೇಬರಿಗೆ ಕೊಟ್ಟ. ಅವರು ಬಾಯಿಗಿಟ್ಟು ಮುಖ ಕಿವುಚಿದರು. ಇನ್ನೊಂದು, ಅದೂ ಹುಳಿ. ಮೇಜಿಗೆ ಮೇಜೇ ಚಪ್ಪಾಳೆ! ಸಾಹೇಬರ ಹೆಂಡತಿ ಅಣ್ಣನನ್ನು ಹತ್ತಿರ ಕರೆದು, ಇಷ್ಟು ತಿಳಿದವರು ಈ ಮೇಡಂಗೆ ಹೇಗೆ ಪರಿಚಯ ಎಂದು ಕೇಳಿದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಅಣ್ಣ ಕನ್ನಡಕ ತೆಗೆದು ಜೇಬಿಗಿಟ್ಟ. “ಕಾರ್ಖಾನೆಯವನು ಜೀ. ಮೇಡಂ ದೊಡ್ಡ ಮನಸ್ಸು ಮಾಡಿ ಕರೆತಂದರು,” ಎಂದ. ಆಮೇಲೆ ತಟ್ಟೆ ಎತ್ತಿಕೊಂಡು ಹೊರಗೆ ಡ್ರೈವರುಗಳ ಜೊತೆ ಕುಳಿತು ಉಂಡ. ಬೆಂಡೆಕಾಯಿಯಲ್ಲಿ ಒಂದು ಹುಳುಕನ್ನೂ ಬಿಡದವನು ಮನೆಗೆ ಮರಳುವ ದಾರಿಯುದ್ದಕ್ಕೂ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಮೂರು ಭಾನುವಾರ ಅವನು ಬರಲಿಲ್ಲ. ನಾಲ್ಕನೆಯದರಂದು ಸಾಹೇಬರ ಹೆಂಡತಿ ಮಗಳ ನಿಶ್ಚಿತಾರ್ಥಕ್ಕೆ ಕರೆಯಲು ಬಂದು, ನಮ್ಮ ಸೋಫಾದ ಮೇಲೆ ಚಹಾ ಕುಡಿಯುತ್ತಿದ್ದರು. ಬೆಲ್ ಆಯಿತು. ಬಾಗಿಲಲ್ಲಿ ಅಣ್ಣ. ಸದಾ ಕೂಗುತ್ತಲೇ ಒಳಗೆ ನುಗ್ಗುತ್ತಿದ್ದವನು ಅಂದು ಹೊಸ್ತಿಲಾಚೆ ನಿಂತಿದ್ದ.

“ಒಳಗೆ ಯಾರಾದ್ರೂ ಇದ್ದಾರೇನೇ? ಇದ್ರೆ ಹೇಳು, ಕೆಳಗೆ ಒಂದು ಸುತ್ತು ಹೋಗಿ ಬರ್ತೀನಿ,” ಎಂದ ಮೆಲ್ಲಗೆ. ಆ ದನಿಯಲ್ಲಿ ಕೋಪವೇ ಇರಲಿಲ್ಲ. ನನಗೆ ಅನುಕೂಲವಾಗುವುದನ್ನು ಕೇಳುತ್ತಿದ್ದ, ಅಷ್ಟೆ.

ಅವನ ಕೈ ಹಿಡಿದುಕೊಂಡೆ.

“ಇದ್ದಾರಣ್ಣ. ಅದಕ್ಕೇ ಒಳಗೆ ಬಾ.”